ಮಂತ್ರಕ್ಕೆ ಆನೆ ಉದುರಿದ್ದು

ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿಟ್ಟು ಹೋದರು. ಅವರು ಏಜ್ ಆಫ್ ಎಂಪೈರ್ಸ್ ಆಡಿದವರಲ್ಲ. 1997ರಲ್ಲಿ ಬಂದ ಆ ಕಂಪ್ಯೂಟರ್ ಆಟದಲ್ಲಿ ಮಂತ್ರಕ್ಕೆ ಆನೆಯೇ ಉದುರುತ್ತದೆ. ಪೂಜಾರಿಯೊಬ್ಬ ಮಾರು ದೂರ ನಿಂತು, ಕೋಲೆತ್ತಿ, "ವೊಲೊಲೋ" ಎಂದು ರಾಗವೆಳೆಯುತ್ತಾನೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಶತ್ರುವಿನ ಆನೆ ತನ್ನ ಪಾಡಿಗೆ ತಾನು ನೆಲ ನಡುಗಿಸುತ್ತ ಬರುತ್ತಲೇ ಇರುತ್ತದೆ. ಪೂಜಾರಿಯ ಕಥೆ ಮುಗಿಯಿತು ಎನ್ನುವಷ್ಟರಲ್ಲಿ ಆನೆಯ ಮೈಮೇಲಿನ ಕೆಂಪು ನೀಲಿಯಾಗುತ್ತದೆ. ಅಷ್ಟೆ, ಇನ್ನು ಅದು ನಿಮ್ಮ ಆನೆ. ಹಿಂದಕ್ಕೆ ತಿರುಗಿ, ಈಗ ತಾನೆ ಜೊತೆಗೆ ಬಂದವರನ್ನೇ ತುಳಿಯಲು ಹೊರಡುತ್ತದೆ. ಮತ ಬದಲಿಸಿದ್ದು ಆನೆಯೋ, ಮೇಲೆ ಕೂತ ಮಾವುತನೋ ಎಂದು ನಮ್ಮ ಹಾಸ್ಟೆಲ್ಲಿನಲ್ಲಿ ನಡುರಾತ್ರಿಯವರೆಗೂ ಚರ್ಚೆ ನಡೆಯುತ್ತಿತ್ತು. ಮರುದಿನದ ಪರೀಕ್ಷೆಗಿಂತ ಆ ಪ್ರಶ್ನೆ ದೊಡ್ಡದಾಗಿ ಕಾಣುವ ವಯಸ್ಸು.

1999ರ ಎರಡನೆಯ ಆಟದಲ್ಲಿ ಈ ವಿದ್ಯೆ ಇನ್ನೂ ಬೆಳೆಯಿತು. ನಮ್ಮ ಸನ್ಯಾಸಿಗಳಿಗೆ 'ರಿಡೆಂಪ್ಷನ್' ಎಂಬ ಪಾಠ ಹೇಳಿಸಿದರೆ ಕಲ್ಲೆಸೆಯುವ ಯಂತ್ರಕ್ಕೂ ಮನಃಪರಿವರ್ತನೆಯಾಗುತ್ತದೆ. ಕಟ್ಟಡಗಳಲ್ಲೂ ಹಲವು ಒಲಿಯುತ್ತವೆ. ಎದುರಾಳಿ ತನ್ನ ಮಠದಲ್ಲಿ 'ಹೆರೆಸಿ' ಕಲಿಸಿದ್ದರೆ ಅವನ ಸೈನಿಕ ಬಣ್ಣ ಬದಲಿಸುವ ಹೊತ್ತಿಗೆ ಸರಿಯಾಗಿ ಸತ್ತು ಬೀಳುತ್ತಾನೆ. ಒಬ್ಬನನ್ನು ಒಲಿಸಿಕೊಂಡ ಸನ್ಯಾಸಿಗೆ ಸುಸ್ತಾಗುತ್ತದೆ, ದಣಿವಾರುವ ತನಕ ಇನ್ನೊಬ್ಬನ ಮೇಲೆ ಮಂತ್ರ ಹಾಕುವ ಹಾಗಿಲ್ಲ. ಪವಿತ್ರ ಅವಶೇಷಗಳನ್ನು ಹೊತ್ತು ತಂದು ಮಠದೊಳಗಿಟ್ಟರೆ ಚಿನ್ನ ತಾನಾಗಿ ಜಮೆಯಾಗುತ್ತ ಹೋಗುತ್ತದೆ. ಇದನ್ನು ನಂಬಲು ನಮಗೆ ಯಾವ ಕಷ್ಟವೂ ಆಗಲಿಲ್ಲ.

ಸ್ಟ್ರಾಟಜಿ ಗೇಮ್ ಎಂದರೆ ಇದೇ. ರಾಜ್ಯವೊಂದನ್ನು ಕೈಗೆ ಕೊಟ್ಟು, ಉಳುಮೆ, ಕಂದಾಯ, ದಂಡು, ದೇವಸ್ಥಾನ ಎಲ್ಲವನ್ನೂ ನೀನೇ ನೋಡಿಕೋ ಎಂದು ಬಿಡುತ್ತಾರೆ. ಆಡುವವನು ಚಕ್ರವರ್ತಿಯೂ ಹೌದು, ಮುಜರಾಯಿ ಮಂತ್ರಿಯೂ ಹೌದು. ಭಕ್ತನಾಗಲು ಮಾತ್ರ ಅವಕಾಶವಿಲ್ಲ.

2005ರಲ್ಲಿ ಬಂದ ಸಿವಿಲೈಸೇಷನ್ 4ರಲ್ಲಿ ಏಳು ಧರ್ಮಗಳಿದ್ದವು. ಅವು ಹುಟ್ಟುವ ಕ್ರಮ ಸೊಗಸಾಗಿದೆ. ಧ್ಯಾನವನ್ನು ಜಗತ್ತಿನಲ್ಲಿ ಮೊದಲು ಯಾರು ಕಂಡುಹಿಡಿಯುತ್ತಾರೋ ಅವರ ಊರಿನಲ್ಲಿ ಬೌದ್ಧಧರ್ಮ ಹುಟ್ಟುತ್ತದೆ. ಬಹುದೇವತಾರಾಧನೆ ಮೊದಲು ಯಾರಿಗೆ ಹೊಳೆಯುತ್ತದೋ ಅವರಲ್ಲಿ ಹಿಂದೂ ಧರ್ಮ. ಅಶೋಕ, ಗಾಂಧಿ ಇಬ್ಬರೂ ಆಟದಲ್ಲಿದ್ದಾರೆ. ಆದರೆ ಅವರು ಗಣಿ, ಗದ್ದೆ ಎಂದು ಅದರಲ್ಲೇ ಮುಳುಗಿದರೆ ಚೆಂಗೀಸ್ ಖಾನನೇ ಹಿಂದೂ ಧರ್ಮದ ಸ್ಥಾಪಕ. ಮಂಗೋಲರ ಹುಲ್ಲುಗಾವಲಿನ ನಡುವೆ ಕಾಶಿ ವಿಶ್ವನಾಥನ ಗುಡಿ ಏಳುತ್ತದೆ, ಆ ಧರ್ಮ ತಲುಪಿದ ಒಂದೊಂದು ಊರಿನಿಂದಲೂ ಒಂದೊಂದು ಚಿನ್ನದ ನಾಣ್ಯ ಖಾನನ ಖಜಾನೆಗೆ ಬಂದು ಬೀಳುತ್ತದೆ. ಇತ್ತ ಬೌದ್ಧಧರ್ಮವನ್ನು ಬೋಧಿಸಲು ಅಶೋಕನ ಊರಿಗೆ ಜಾರ್ಜ್ ವಾಷಿಂಗ್ಟನ್ ಪ್ರಚಾರಕರನ್ನು ಕಳಿಸಿರುತ್ತಾನೆ.

ಏಳೂ ಧರ್ಮಗಳ ಗುಣ ಒಂದೇ, ಖರ್ಚು ಒಂದೇ, ಫಲವೂ ಒಂದೇ. ಚಿಹ್ನೆ ಬೇರೆ, ಗುಡಿಯ ಗೋಪುರ ಬೇರೆ. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಎಚ್ಚರಿಕೆ ಅದರಲ್ಲಿ ಎದ್ದು ಕಾಣುತ್ತದೆ. ಸರ್ವಧರ್ಮ ಸಮಭಾವದ ಬಗ್ಗೆ ನಮ್ಮಲ್ಲಿ ಎಷ್ಟು ಭಾಷಣಗಳಾಗಿವೆಯೋ! ಅದನ್ನು ಚೂರೂ ಊನವಿಲ್ಲದೆ ಸಾಧಿಸಿದ್ದು ಈ ಪ್ರೋಗ್ರಾಮರುಗಳೇ ಇರಬೇಕು. ತಮಾಷೆಯೆಂದರೆ, ಏಳೂ ಒಂದೇ ಆಗಿದ್ದರೂ ರಾಜರು ಮಾತ್ರ ಧರ್ಮ ಬೇರೆಯೆಂಬ ಕಾರಣಕ್ಕೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಿನ್ನದು ಪಾಷಂಡ ಮತ ಎಂದು ಗಾಂಧಿಯೂ ಮುನಿಸಿಕೊಳ್ಳಬಲ್ಲರು. ಇಷ್ಟಕ್ಕೂ ಆ ಆಟದಲ್ಲಿ ನಿಜವಾದ ಭಕ್ತಿ ಕೇಳಿಸುವುದು ಬಾಗಿಲಲ್ಲೇ. ಆಟ ಶುರುವಾಗುವ ಮುನ್ನ ಬರುವ 'ಬಾಬಾ ಯೇತು' ಎಂಬ ಹಾಡು ಕ್ರೈಸ್ತ ಪ್ರಾರ್ಥನೆಯೊಂದರ ಸ್ವಾಹಿಲಿ ರೂಪ. ಕ್ರಿಸ್ಟೋಫರ್ ಟಿನ್ ಅದಕ್ಕೆ ಸಂಗೀತ ಕೊಟ್ಟರು, 2011ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ವಿಡಿಯೋ ಗೇಮಿನ ಹಾಡೊಂದಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಹಾಡು ಮುಗಿಯುವವರೆಗೆ ಕೇಳಿ ಆಟ ಆಡದೆಯೇ ಎದ್ದು ಹೋದವರೂ ಇದ್ದಾರೆ ಎಂದರೆ ನಾನು ನಂಬುತ್ತೇನೆ.

ಐದನೆಯ ಸಿವಿಲೈಸೇಷನ್‌ಗೆ 2012ರಲ್ಲಿ ಒಂದು ವಿಸ್ತರಣೆ ಬಂತು. ಅಲ್ಲಿಂದ ಶ್ರದ್ಧೆಯೂ ಅಕ್ಕಿ ಬೇಳೆಯ ಹಾಗೆ ಕೂಡಿಡುವ ಪದಾರ್ಥವಾಯಿತು. ಸಾಕಷ್ಟು ಸೇರಿದರೆ ಪ್ರವಾದಿಯೊಬ್ಬ ಪ್ರತ್ಯಕ್ಷ. ಅವನ ಕೈಯಲ್ಲಿ ಧರ್ಮ ಸ್ಥಾಪನೆ ಮಾಡಿಸಿ, ತತ್ವಗಳನ್ನು ಪಟ್ಟಿಯಿಂದ ಆರಿಸಿಕೊಳ್ಳಬಹುದು. ಒಬ್ಬರು ಎತ್ತಿಕೊಂಡ ತತ್ವ ಇನ್ನೊಬ್ಬರಿಗಿಲ್ಲ, ಆದ್ದರಿಂದ ನೂಕುನುಗ್ಗಲು. ಹೆಸರನ್ನೂ ನಾವೇ ಇಡಬಹುದು. ನನ್ನ ತಂಗಿಯ ಮಗ ಒಂದು ಭಾನುವಾರ ಕೂಗಿ ಕರೆದ.

"ಮಾವ, ಪ್ರವಾದಿ ಬಂದಿದಾನೆ. ಧರ್ಮಕ್ಕೆ ಏನು ಹೆಸರಿಡ್ಲಿ?"

ಅಡುಗೆಮನೆಯಿಂದ ಬರುತ್ತಿದ್ದ ವಾಸನೆಯೇ ಉತ್ತರ ಹೇಳಿತು. ಬಿಸಿಬೇಳೆ ಮತ ಹುಟ್ಟಿದ್ದು ಹೀಗೆ. ತೆರಿಗೆ ತರುವ ತತ್ವವೊಂದು, ಶ್ರದ್ಧೆ ಕೊಟ್ಟು ಸೈನಿಕರನ್ನು ಕೊಳ್ಳುವ ತತ್ವವೊಂದು ಎಂದು ಅವನು ಆರಿಸುತ್ತ ಕೂತ. ಕನ್ನಡಕ ಸರಿಮಾಡಿಕೊಂಡು ನಮ್ಮಮ್ಮ ಬಂದು ಇಣುಕಿದರು.

"ದೇವರು ಯಾರೋ ಇದಕ್ಕೆ?"

"ದೇವರಿಲ್ಲ ಅಜ್ಜಿ. ಬೆನಿಫಿಟ್ಸ್ ಮಾತ್ರ."

ಅಮ್ಮ ಅದನ್ನೇನೂ ತಪ್ಪು ತಿಳಿಯಲಿಲ್ಲ. ಅವರು ಅಂಥ ಧರ್ಮಗಳನ್ನು ಕಂಡವರೇ.

ಈ ಶ್ರದ್ಧೆಯ ಲೆಕ್ಕ ಎಲ್ಲ ಆಟಗಳಲ್ಲೂ ಪಕ್ಕಾ. 2002ರ ಏಜ್ ಆಫ್ ಮೈಥಾಲಜಿಯಲ್ಲಿ ಗ್ರೀಕ್ ಹಳ್ಳಿಗರು ಗುಡಿಯ ಮುಂದೆ ಪ್ರಾರ್ಥನೆಗೆ ನಿಂತರೆ ದೇವರ ಕೃಪೆ ಸೇರುತ್ತ ಹೋಗುತ್ತದೆ. ಈಜಿಪ್ಟಿನವರು ಸ್ಮಾರಕ ಕಟ್ಟಿ, ನಾರ್ಸ್ ಜನ ಹೊಡೆದಾಡಿ ಅದನ್ನು ಸಂಪಾದಿಸುತ್ತಾರೆ. ಗ್ರೀಕರಲ್ಲಿ ಹೆಚ್ಚು ಜನ ನಿಂತಷ್ಟೂ ತಲಾ ಸಿಗುವ ಕೃಪೆ ಕಡಿಮೆ. ವೈಕುಂಠ ಏಕಾದಶಿಯ ದಿನ ಕ್ಯೂನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಒಂದು ಬಾಬ್ತನ್ನು ಯಾವ ಆಟದಲ್ಲೂ ನಾನು ಕಂಡಿಲ್ಲ. ನಮ್ಮಮ್ಮ ಒಮ್ಮೆ ಹರಕೆ ಹೊತ್ತರು. ಕೇಳಿದ್ದು ಆಗಲಿಲ್ಲ. ಆದರೂ ಹೋಗಿ ತೀರಿಸಿ ಬಂದರು. "ಆಗಲಿಲ್ಲವಲ್ಲಮ್ಮ" ಎಂದರೆ "ಅದು ಅವನಿಷ್ಟ, ಇದು ನನ್ನ ಮಾತು" ಎಂದರು. ಇದನ್ನು ಜಮೆಯ ಕಡೆ ಬರೆಯಬೇಕೋ ಖರ್ಚಿನ ಕಡೆಯೋ?

ಆರನೆಯ ಸಿವಿಲೈಸೇಷನ್ 2016ರಲ್ಲಿ ಬಂತು. ಅದರಲ್ಲಿ ಪ್ರಪಂಚವನ್ನು ಧರ್ಮದಿಂದಲೇ ಗೆಲ್ಲಬಹುದು. ಪ್ರತಿಯೊಂದು ನಾಡಿನಲ್ಲೂ ಅರ್ಧಕ್ಕಿಂತ ಹೆಚ್ಚು ಊರುಗಳು ನಿಮ್ಮ ಧರ್ಮ ಹಿಡಿದರೆ ಆಟ ಮುಗಿಯಿತು. ಅದಕ್ಕಾಗಿ ಎರಡು ಮತಗಳ ಧರ್ಮದೂತರು ಬಯಲಲ್ಲಿ ಎದುರುಬದುರಾಗಿ ನಿಂತು ಶಾಸ್ತ್ರಾರ್ಥ ನಡೆಸುತ್ತಾರೆ. ಶಾಸ್ತ್ರವೂ ಕೇಳಿಸುವುದಿಲ್ಲ, ಅರ್ಥವೂ ಇಲ್ಲ. ಆಕಾಶದಿಂದ ಫಳಾರನೆ ಸಿಡಿಲು ಹೊಡೆಯುತ್ತದೆ, ಸೋತವನು ಮಾಯ. ಮೊದಲ ಸಲ ನೋಡಿದಾಗ ಇದು ಹಾಲಿವುಡ್ ಧಾಟಿಯ ಅತಿರೇಕ ಅನ್ನಿಸಿತು. ಆಮೇಲೆ ನಮ್ಮ ಶಾಸನಗಳು ನೆನಪಾದವು. ಶ್ರವಣಬೆಳಗೊಳದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಪಾಟಲಿಪುತ್ರದಿಂದ ಕರಹಾಟಕದವರೆಗೆ ಊರೂರಲ್ಲಿ ವಾದಕ್ಕೆ ಭೇರಿ ಹೊಡೆದುಕೊಂಡು ಬಂದ ಸಮಂತಭದ್ರ, ಬೌದ್ಧರನ್ನು ವಾದದಲ್ಲಿ ಮಣಿಸಿದ ಅಕಳಂಕ, ಹೀಗೆ ಗೆದ್ದವರ ಪಟ್ಟಿಯೇ ಅದರಲ್ಲಿದೆ.

ಅದಕ್ಕಿಂತ ಒಂದು ಕೈ ಮೇಲು ಹಾವೇರಿ ಜಿಲ್ಲೆಯ ಅಬ್ಬಲೂರು. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವೊಂದಿದೆ. ಆಳಂದದಿಂದ ಬಂದ ಏಕಾಂತದ ರಾಮಯ್ಯ ಎಂಬ ಶಿವಭಕ್ತನಿಗೂ ಊರಿನ ಜೈನರಿಗೂ ಪಂದ್ಯ. ತಲೆ ಕಡಿದು ಶಿವನಿಗೊಪ್ಪಿಸಿ ಮತ್ತೆ ಪಡೆಯುತ್ತೇನೆ, ಪಡೆದರೆ ನಿಮ್ಮ ಬಸದಿಯಲ್ಲಿ ಶಿವನನ್ನು ಕೂರಿಸಬೇಕು ಎಂದು ಅವನು ಕೇಳಿದ. ಬಾಯಿಮಾತು ಸಾಲದೆಂದು ಓಲೆಯಲ್ಲಿ ಬರೆಸಿಕೊಂಡ. ತಲೆ ಹೋಯಿತು, ಏಳನೆಯ ದಿನ ಕಲೆಯೂ ಉಳಿಯದಂತೆ ಕೂಡಿಕೊಂಡಿತು ಎನ್ನುತ್ತದೆ ಶಾಸನ. ಜೈನರು ಒಪ್ಪಂದದಂತೆ ನಡೆದುಕೊಳ್ಳಲಿಲ್ಲ, ರಾಮಯ್ಯ ಬಸದಿಗೆ ನುಗ್ಗಿ ಜಿನನ ವಿಗ್ರಹ ಒಡೆದ, ದೂರು ಕಲಚುರಿ ಬಿಜ್ಜಳನವರೆಗೆ ಹೋಯಿತು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಬರೆದುಕೊಟ್ಟ. ಸಿಡಿಲು, ಮಾಯ, ಕೊನೆಗೆ ತೆರೆಯ ತುಂಬ 'ನೀವು ಗೆದ್ದಿರಿ' ಎಂಬ ಬರಹ: ಆಟ ಮಾಡಿದವರು ಹೊಸದಾಗಿ ಏನನ್ನೂ ಕಲ್ಪಿಸಿಲ್ಲ. ಶಾಸನವನ್ನು ಕೆತ್ತಿಸಿದ್ದು ಗೆದ್ದ ಪಕ್ಷ ಎಂಬುದನ್ನು ಮಾತ್ರ ಓದುವಾಗ ಮರೆಯಬಾರದು. ಅದೇ ಘಟನೆಗೆ ಜೈನರು ಕಲ್ಲು ನೆಟ್ಟಿದ್ದರೆ ತಲೆಯ ಲೆಕ್ಕ ಬೇರೆ ಇರುತ್ತಿತ್ತು.

ಹೀಗೆ ರಾಜರ ಧರ್ಮವನ್ನು, ಎಂದರೆ ಹಣ, ದಂಡು, ಗೆಲುವುಗಳಿಗೆ ಒದಗುವ ಧರ್ಮವನ್ನು, ಈ ಆಟಗಳು ಚೆನ್ನಾಗಿಯೇ ಬಲ್ಲವು. ಎಡವುವುದು ಒಂದು ಕಡೆ. ಒಬ್ಬ ಮನುಷ್ಯನಿಗೆ ಒಂದೇ ಧರ್ಮ, ಒಂದೇ ಚೌಕ, ಅದರಲ್ಲೊಂದು ಚಿತ್ರ. ಯುರೋಪಾ ಯುನಿವರ್ಸಾಲಿಸ್ 4 ಎಂಬ ಆಟ 1444ರ ನವೆಂಬರ್ 11ರಿಂದ ಶುರುವಾಗುತ್ತದೆ. ಅದರಲ್ಲಿ ವಿಜಯನಗರವನ್ನು ಆಡಬಹುದು. ಹಿಂದೂ ರಾಜನಾದವನು ಶಿವ, ವಿಷ್ಣು, ಗಣೇಶ, ಶಕ್ತಿ, ಸೂರ್ಯ, ಗಂಗೆ ಈ ಆರರಲ್ಲಿ ಒಬ್ಬರನ್ನು ಇಷ್ಟದೈವವಾಗಿ ಆರಿಸಬೇಕು. ಒಬ್ಬೊಬ್ಬರಿಂದ ಒಂದೊಂದು ಶೇಕಡಾ ಲಾಭ.

ಆ ದಿನ ಹಂಪಿಯ ಸಿಂಹಾಸನದಲ್ಲಿದ್ದವನು ಇಮ್ಮಡಿ ದೇವರಾಯ. ಅವನ ಮನೆತನದ ಅಂಕಿತ ಶ್ರೀ ವಿರೂಪಾಕ್ಷ. 1426ರಲ್ಲಿ ಪಾನ್ ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದವನೂ ಅವನೇ. 1439ರಲ್ಲಿ ಅವನ ಸೇವೆಯಲ್ಲಿದ್ದ ಅಹಮದ್ ಖಾನ್ ಊರೊಳಗೇ ಮಸೀದಿ ಕಟ್ಟಿ, ಪುಣ್ಯ ದೇವರಾಯನಿಗೆ ಸಲ್ಲಲಿ ಎಂದು ಬರೆಸಿದ. ಮುಸಲ್ಮಾನ ಸೈನಿಕರು ವಂದಿಸಲು ಅನುಕೂಲವಾಗಲೆಂದು ದೇವರಾಯ ಸಿಂಹಾಸನದ ಮುಂದೆ ಕುರಾನ್ ಇಡಿಸಿದ್ದನೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಇದರಲ್ಲಿ ರಾಜಕಾರಣವೂ ಇತ್ತು, ಒಳ್ಳೆಯ ಬಿಲ್ಲುಗಾರರು ಬೇಕಾಗಿದ್ದರು ಎಂದು ಹೇಳುವವರು ಹೇಳಲಿ. ನನ್ನ ತಕರಾರು ಇಷ್ಟೇ: ಈ ಮಹಾರಾಯನಿಗೆ ಆ ಆರರಲ್ಲಿ ಯಾವ ಬಟನ್ ಒತ್ತುವುದು?

ಇನ್ನೂ ಕಷ್ಟ ಅದೇ ವಿಜಯನಗರದ ಬುಕ್ಕರಾಯನದು. 1368ರ ಶ್ರವಣಬೆಳಗೊಳದ ಶಾಸನ ಅವನ ಪಂಚಾಯ್ತಿಯ ವರದಿ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ದೂರು ತಂದರು. ಬುಕ್ಕ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಅಷ್ಟಕ್ಕೇ ನಿಂತಿದ್ದರೆ ಅದು ಬರೀ ಸಭೆಯ ಮಾತಾಗುತ್ತಿತ್ತು. ಮುಂದೆ ಲೆಕ್ಕ ಬರುತ್ತದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದನ್ನು ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸುವ ಜವಾಬ್ದಾರಿ ತಿರುಮಲೆಯ ಶ್ರೀವೈಷ್ಣವರದು. ಮಿಕ್ಕ ಹಣದಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಜಗಳ ಮಾಡಿದವರ ಕೈಗೇ ಕೀಲಿಕೈ ಕೊಟ್ಟ ಈ ಉಪಾಯದ ಮುಂದೆ ಆಟಗಳ 'ಸಹಿಷ್ಣುತೆ ಪ್ಲಸ್ ಎರಡು' ಬಹಳ ಸಪ್ಪೆ. ತಂಗಿಯ ಮಗನಿಗೆ ಹೇಳಿದೆ. ಅವನು ಯೋಚಿಸಿ, "ಸೂಪರ್ ಮಾವ, ಆದ್ರೆ ಇದ್ರಲ್ಲಿ ಗೆಲ್ಲೋದು ಯಾರು?" ಎಂದ.

ಒಂದೇ ಚೌಕದ ಆ ಲೆಕ್ಕ ವಿಜ್ಞಾನದ ವಿಷಯದಲ್ಲೂ ಉಂಟು. ಸಿವಿಲೈಸೇಷನ್ 4ರಲ್ಲಿ 'ಸೈಂಟಿಫಿಕ್ ಮೆಥಡ್' ಕಂಡುಹಿಡಿದ ಕೂಡಲೇ ಮಠಗಳು ಕೆಲಸ ನಿಲ್ಲಿಸುತ್ತವೆ. ವಿಜ್ಞಾನ ಬಂತು, ಸನ್ಯಾಸಿಗಳೇ ಮನೆಗೆ ನಡೆಯಿರಿ. ರಾಕೆಟ್ ಹಾರಿಸುವ ಮುನ್ನ ಅದರ ಪುಟ್ಟ ಮಾದರಿಯನ್ನು ತಿರುಮಲೆಗೆ ಕೊಂಡೊಯ್ಯುವ ಇಸ್ರೋದವರನ್ನು ಆ ನಿಯಮದಡಿ ಎಲ್ಲಿ ಸೇರಿಸುವುದೋ ಗೊತ್ತಿಲ್ಲ. ನಮ್ಮ ಮನೆಯ ಕಂಪ್ಯೂಟರನ್ನೂ ಅಷ್ಟೆ. ಕಳೆದ ಆಯುಧಪೂಜೆಗೆ ಅಮ್ಮ ಅದರ ಹಣೆಗೆ ವಿಭೂತಿ ಬಳಿದು, ಮೌಸಿಗೆ ಅರಿಸಿನ ಕುಂಕುಮ ಹಚ್ಚಿ, ಕೀಬೋರ್ಡಿನ ಮೇಲೆ ಸೇವಂತಿಗೆ ಇಟ್ಟಿದ್ದರು.

"ಅಜ್ಜಿ, ಒಂದೇ ಒಂದು ಟರ್ನ್. ಫ್ರೆಂಡ್ಸ್ ಕಾಯ್ತಿದಾರೆ."

"ಇವತ್ತು ಮುಟ್ಟಬಾರದು ಕಣೋ. ಪೂಜೆಗೆ ಇಟ್ಟಿದೆ."

"ನಾನು ಹೋಗದೆ ಇದ್ರೆ ನನ್ನ ಧರ್ಮ ಪೂರ್ತಿ ಅಳಿಸಿಹೋಗತ್ತೆ."

"ಹಬ್ಬದ ದಿನ ಯಾರ ಧರ್ಮವೂ ಅಳಿಸಲ್ಲ. ಕೈಕಾಲು ತೊಳ್ಕೊಂಡು ಮಂಗಳಾರತಿಗೆ ಬಾ."

ಮರುದಿನ ಬೆಳಿಗ್ಗೆ ಕುಂಕುಮ ಒರೆಸದೆಯೇ ಆಡಲು ಕೂತ. ಎಡಗಡೆಯ ಬಟನ್ ಅಂಟಿಕೊಂಡು, ಬಿಸಿಬೇಳೆ ಮತದ ಪ್ರಚಾರಕ ಹೋಗಬೇಕಾದ ಊರು ಬಿಟ್ಟು ಸಮುದ್ರದ ದಂಡೆಯಲ್ಲಿ ಹೋಗಿ ನಿಂತಿದ್ದಾನೆಂದು ಮಧ್ಯಾಹ್ನ ಊಟಕ್ಕೆ ಬಂದವನು ಅಜ್ಜಿಯ ಹತ್ತಿರವೇ ದೂರಿದ.