ಪಿತ್ರಾರ್ಜಿತದ ಮೊದಲ ವರ್ಷ

ಬೇಲಿಯಾಚೆಯ ರಾಯರು ಆವತ್ತು ಟೋಪಿ ಹಾಕಿರಲಿಲ್ಲ. ತಿಳಿನೀಲಿ ಟೋಪಿಯಿಲ್ಲದೆ ಅವರು ಹಿತ್ತಲಿಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. 2023ರ ಮಾರ್ಚ್ 13, ಸೋಮವಾರ. ನಾರ್ತ್ ಕೆರೊಲೈನಾದ ಕ್ಯಾರಿ ಎಂಬ ಊರಿಗೆ, ಮಗಳ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬೀದಿಯ ಪೇರ್ ಮರಗಳು ಬೆಳ್ಳಗೆ ಹೂ ಬಿಟ್ಟು, ಆ ಹೂವಿಗೆ ತಕ್ಕುದಲ್ಲದ ಮೀನಿನ ವಾಸನೆ ಹರಡಿದ್ದವು. ಬಿಸಿಲಿತ್ತು, ಆದರೂ ಚಳಿ. ನಾನು ಶಾಲು ಹೊದ್ದು, ಕಾಫಿ ಲೋಟ ಹಿಡಿದು, ಎದೆಯೆತ್ತರದ ಮರದ ಬೇಲಿಗೆ ಒರಗಿ ನಿಂತಿದ್ದೆ.

"ಏನ್ ರಾಯರೇ, ಟೋಪಿ ಎಲ್ಲಿ?"

"ಅವರೇ ನಮಗೆ ಟೋಪಿ ಹಾಕಿದ್ದಾಯಿತಲ್ಲ ಮೇಷ್ಟ್ರೇ, ಇನ್ನು ನಾವು ಬೇರೆ ಯಾಕೆ ಹಾಕ್ಕೋಬೇಕು?"

ಅವರ ಸಂಕಟ ನನಗೆ ಗೊತ್ತಿತ್ತು. ಹಿಂದಿನ ಸಂಜೆ ಟಿ.ವಿ.ಯಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾದ 68 ತಂಡಗಳ ಪಟ್ಟಿ ಓದಿದ್ದರು. ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲೈನಾದ ಹೆಸರು ಅದರಲ್ಲಿರಲಿಲ್ಲ. ಸೀಸನ್ನು ಶುರುವಾಗುವ ಮೊದಲು ದೇಶಕ್ಕೇ ಒಂದನೇ ನಂಬರು ಎಂದು ಎಲ್ಲರೂ ಹೊತ್ತು ಮೆರೆಸಿದ ತಂಡ ಇದು. 1985ರಲ್ಲಿ ಪಂದ್ಯಾವಳಿಯನ್ನು 64 ತಂಡಗಳಿಗೆ ಹಿಗ್ಗಿಸಿದ ಮೇಲೆ, ಒಂದನೇ ನಂಬರಿನಿಂದ ಹೊರಟು ಬಾಗಿಲಾಚೆಯೇ ಉಳಿದ ಮೊದಲ ತಂಡವೂ ಇದೇ ಆಯಿತು. ಗೆದ್ದದ್ದು 20, ಸೋತದ್ದು 13. ಎನ್‌ಐಟಿ ಎಂಬ ಇನ್ನೊಂದು ಪಂದ್ಯಾವಳಿಯಿದೆ, ಎರಡನೇ ಪಂಕ್ತಿ ಇದ್ದ ಹಾಗೆ. ಮೊದಲ ಪಂಕ್ತಿಯಲ್ಲಿ ಎಲೆ ಸಿಗದವರು ಎರಡನೆಯದಕ್ಕೆ ಕೂರುವುದಿಲ್ಲ ಎಂಬಂತೆ ಇವರು ಅದಕ್ಕೂ ಬರುವುದಿಲ್ಲ ಅಂದುಬಿಟ್ಟರು.

ರಾಯರು ಶಿವಮೊಗ್ಗ ಕಡೆಯವರು. ಮೂವತ್ತು ವರ್ಷದ ಹಿಂದೆ ಇಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಕೆಲಸಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ಈ ಸೀಮೆಯಲ್ಲಿ ಬಾಸ್ಕೆಟ್‌ಬಾಲ್ ಗೊತ್ತಿಲ್ಲದಿದ್ದರೆ ಲಿಫ್ಟಿನಲ್ಲೂ ಮಾತಿಗೆ ಜನ ಸಿಗುವುದಿಲ್ಲವಂತೆ. ಅಂತೂ ಕಲಿತರು, ಕಲಿತು ಕೆಟ್ಟರು. ಮಗಳು ಓದಿದ್ದು ಡ್ಯೂಕ್‌ನಲ್ಲಿ, ಎದುರಾಳಿ ಕಾಲೇಜು, ಅವಳದು ಗಾಢನೀಲಿ, ಅಪ್ಪನದು ಚಾಪೆಲ್ ಹಿಲ್‌ನ ತಿಳಿನೀಲಿ. ಒಂದೇ ಮನೆಯಲ್ಲಿ ಎರಡು ಮಠ. ನನ್ನ ಪಾಂಡಿತ್ಯವೋ, ಹಾಸನ ಜಿಲ್ಲೆಯ ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಬಳೆಯಿಲ್ಲದ ಒಂದು ಬಾಸ್ಕೆಟ್‌ಬಾಲ್ ಕಂಬವಿತ್ತು, ಹುಡುಗರು ಅದನ್ನು ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಅಷ್ಟೇ.

"ಹೋದ ವರ್ಷ ಇದೇ ಕೋಚನ್ನ ಹೆಗಲ ಮೇಲೆ ಕೂರಿಸಿದ್ವಲ್ಲ ಮೇಷ್ಟ್ರೇ!" ರಾಯರು ನಿಟ್ಟುಸಿರು ಬಿಟ್ಟರು.

ಈ ಕೋಚು ಹ್ಯೂಬರ್ಟ್ ಡೇವಿಸ್. ಅವರಿಗೆ ಮೊದಲು ಇದ್ದವರು ರಾಯ್ ವಿಲಿಯಮ್ಸ್. 903 ಗೆಲುವು ಕಂಡವರು, ಈ ಕಾಲೇಜಿಗೆ ಮೂರು ಚಾಂಪಿಯನ್‌ಶಿಪ್ ತಂದವರು. 2021ರ ಏಪ್ರಿಲ್ 1ರಂದು ನಿವೃತ್ತಿ ಹೇಳಿದಾಗ ಏಪ್ರಿಲ್ ಫೂಲ್ ಇರಬೇಕೆಂದು ರಾಯರು ನಕ್ಕಿದ್ದರಂತೆ. ನಾಲ್ಕೇ ದಿನಕ್ಕೆ ಡೇವಿಸ್ ಬಂದರು. ಇದೇ ಕಾಲೇಜಿನ ಹಳೇ ಆಟಗಾರ, ಒಂಬತ್ತು ವರ್ಷ ವಿಲಿಯಮ್ಸ್ ಕೈಕೆಳಗಿದ್ದವರು, ಆದರೆ ಯಾವ ಕಾಲೇಜಿಗೂ ಹೆಡ್ ಕೋಚ್ ಆಗಿದ್ದವರಲ್ಲ.

ಮೊದಲ ಸೀಸನ್ನಿನ ಅರ್ಧ ಹಾದಿಯಲ್ಲಿ ಜನ ಕಲ್ಲು ಹುಡುಕುತ್ತಿದ್ದರು. 2022ರ ಜನವರಿಯಲ್ಲಿ ಮಯಾಮಿ ಕೈಲಿ 28 ಪಾಯಿಂಟಿನ ಸೋಲು, ಅದರ ಬೆನ್ನಿಗೇ ವೇಕ್ ಫಾರೆಸ್ಟ್ ಕೈಲಿ 22ರ ಸೋಲು. ಫೆಬ್ರವರಿಯಲ್ಲಿ ಮನೆಯಂಗಳದಲ್ಲೇ ಡ್ಯೂಕ್ ಬಡಿದು ಹೋಯಿತು, ಹತ್ತು ಹನ್ನೊಂದು ದಿನಕ್ಕೆ ಪಿಟ್ಸ್‌ಬರ್ಗ್ ಕೂಡ. ರಾಯರೂ ಆಗ ಟಿ.ವಿ.ಗೆ ಬೆನ್ನು ಮಾಡಿ ಕೂತಿದ್ದರಂತೆ. ಆಮೇಲೆ ಮಾರ್ಚ್ 5 ಬಂತು. ಡ್ಯೂಕ್‌ನ ಮೈಕ್ ಶಶೆಫ್‌ಸ್ಕಿ ಎಂಬ ಭೀಷ್ಮ ಕೋಚಿನ ಕೊನೆಯ ತವರು ಪಂದ್ಯ. ಹಳೇ ಶಿಷ್ಯರೆಲ್ಲ ಸೇರಿದ್ದರು, ಬೀಳ್ಕೊಡುಗೆಗೆ ಎಲ್ಲ ಸಿದ್ಧವಾಗಿತ್ತು. ಅಲ್ಲಿಗೆ ಹೋಗಿ ಇವರು 94-81ರಲ್ಲಿ ಹೊಡೆದರು. ಅಲ್ಲಿಂದ ರಾಷ್ಟ್ರೀಯ ಪಂದ್ಯಾವಳಿ, ಅಲ್ಲಿಯ ಸೆಮಿಫೈನಲ್ಲಿನಲ್ಲಿ ಮತ್ತೆ ಅದೇ ಡ್ಯೂಕ್, ಮತ್ತೆ ಅದೇ ಗತಿ, 81-77. ಶಶೆಫ್‌ಸ್ಕಿ ಅಲ್ಲಿಂದಲೇ ನೇರ ನಿವೃತ್ತಿಗೆ. ಫೈನಲ್ಲಿನಲ್ಲಿ ಕ್ಯಾನ್ಸಸ್ ಮೇಲೆ ಅರ್ಧಾಟಕ್ಕೆ 15 ಪಾಯಿಂಟ್ ಮುಂದಿದ್ದು, ಕೊನೆಗೆ ಮೂರೇ ಪಾಯಿಂಟಿನಲ್ಲಿ ಸೋತರು. ಹೆಗಲ ಮೇಲೆ ಕೂರಿಸದೆ ಇನ್ನೇನು ಮಾಡುತ್ತಾರೆ?

"ರಾಯರೇ, ತಪ್ಪು ತಿಳೀಬೇಡಿ. ಹೋದ ವರ್ಷದ್ದು ಡೇವಿಸ್ ರಿಸಲ್ಟ್ ಅಲ್ಲ, ವಿಲಿಯಮ್ಸ್ ರಿಸಲ್ಟು."

ಈ ಮಾತು ನನ್ನ ಸ್ವಂತ ಅನುಭವದ್ದು. ನಾನು ಹೆಡ್ಮಾಸ್ಟರಾಗಿ ಬಡ್ತಿ ಪಡೆದು ಒಂದು ಊರಿಗೆ ಹೋದೆ. ಜೂನ್‌ನಲ್ಲಿ ಚಾರ್ಜು ತಗೊಂಡೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ತಾಲ್ಲೂಕಿಗೇ ನಮ್ಮ ಶಾಲೆ ಮೊದಲು. ಆ ಮಕ್ಕಳನ್ನು ಎಂಟನೇ ಕ್ಲಾಸಿನಿಂದ ತಿದ್ದಿದ್ದವರು ನನ್ನ ಹಿಂದಿನವರು. ಬೆಳಿಗ್ಗೆ ಆರಕ್ಕೆ ಲಾಟೀನು ಹಿಡಿದು ಬಂದು ಗಣಿತ ಹೇಳಿಕೊಟ್ಟಿದ್ದವರು. ಸನ್ಮಾನ ಆದದ್ದು ನನಗೆ. ಹಾರ, ಹಣ್ಣಿನ ಬುಟ್ಟಿ, ಶಾಲು. ಅವರು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ರಾಯರಿಗೆ ಈ ಕತೆಯನ್ನು ಹೇಳಿದೆ, ಶಾಲಿನ ವಿಷಯ ಮಾತ್ರ ನುಂಗಿಕೊಂಡೆ. ಯಾಕೆಂದರೆ ಅದು ಆಗ ನನ್ನ ಹೆಗಲ ಮೇಲೇ ಇತ್ತು.

ರಾಯರು ಬೇಲಿಯ ಹಲಗೆ ಕುಟ್ಟಿದರು. "ಹಂಗಾದ್ರೆ ಲೆಕ್ಕ ಕೇಳಿ. ಹೋದ ವರ್ಷ ಐದು ಜನ. ಬೇಕಾಟ್, ಲವ್, ಆರ್.ಜೆ. ಡೇವಿಸ್, ಲೀಕಿ ಬ್ಲ್ಯಾಕ್. ಈ ನಾಲ್ವರು ವಿಲಿಯಮ್ಸ್ ಕರೆತಂದವರು, ಪಿತ್ರಾರ್ಜಿತ. ಐದನೆಯವನು ಬ್ರೇಡಿ ಮನೆಕ್. ಅವನು ಒಕ್ಲಹೋಮದಿಂದ ಕೊನೇ ವರ್ಷಕ್ಕೆ ಇಲ್ಲಿಗೆ ಬಂದವನು, ಡೇವಿಸರ ಸ್ವಯಾರ್ಜಿತ. ಈ ವರ್ಷ ಆ ನಾಲ್ಕೂ ಜನ ಇಲ್ಲೇ ಇದ್ದರು. ಪಿತ್ರಾರ್ಜಿತ ಒಂದು ಗುಂಟೆನೂ ಹೋಗಿಲ್ಲ. ಹೋದವನು ಮನೆಕ್ ಒಬ್ಬನೇ. ಮತ್ಯಾಕೆ ಮುಳುಗಿದ್ವಿ?"

ನಾನು ಕಾಫಿ ಕುಡಿಯುವ ನೆಪದಲ್ಲಿ ಸುಮ್ಮನಾದೆ.

ಮನೆಕ್ ಆರು ಅಡಿ ಒಂಬತ್ತು ಅಂಗುಲದ ಗಡ್ಡದ ಹುಡುಗ. ಅಷ್ಟೆತ್ತರದವರು ಬುಟ್ಟಿಯ ಬುಡದಲ್ಲಿ ನಿಂತು ಗುದ್ದಾಡುವುದು ವಾಡಿಕೆ. ಇವನು ದೂರ ನಿಂತು ಮೂರು ಪಾಯಿಂಟಿನ ಚೆಂಡು ಎಸೆಯುತ್ತಿದ್ದ. ಅವನನ್ನು ಕಾಯಲು ಎದುರಾಳಿಯ ಒಬ್ಬ ಎತ್ತರದವನು ಹೊರಗೆ ಬರಲೇಬೇಕು. ಬಂದರೆ ಒಳಗೆ ಬೇಕಾಟ್‌ಗೆ ಬಯಲೋ ಬಯಲು. ಹೋದ ವರ್ಷ ಬೇಲರ್ ಕಾಲೇಜಿನ ವಿರುದ್ಧ ಆಡಿದ ಪಂದ್ಯವನ್ನು ರಾಯರು ನನಗೆ ಯೂಟ್ಯೂಬಿನಲ್ಲಿ ತೋರಿಸಿದ್ದರು. ಹತ್ತು ನಿಮಿಷ ಬಾಕಿ, ಇವರು 67-42 ಮುಂದೆ. ಮನೆಕ್ ಮೊಣಕೈ ಬೀಸಿದ್ದಕ್ಕೆ ರೆಫರಿ ಅವನನ್ನು ಹೊರಗೆ ಕಳಿಸಿದ. 25 ಪಾಯಿಂಟಿನ ಮುನ್ನಡೆ ಬೆಣ್ಣೆಯಂತೆ ಕರಗಿ 80-80ಕ್ಕೆ ಬಂದು ನಿಂತಿತು. ಹೆಚ್ಚುವರಿ ಸಮಯದಲ್ಲಿ ಹೇಗೋ ಗೆದ್ದರು. ಈ ವರ್ಷ ಆ ಜಾಗಕ್ಕೆ ನಾರ್ತ್‌ವೆಸ್ಟರ್ನ್‌ನಿಂದ ಪೀಟ್ ನ್ಯಾನ್ಸ್ ಬಂದ. ಒಳ್ಳೆಯ ಹುಡುಗ, ಆದರೆ ಆ ಗುರಿ ಅವನಲ್ಲಿರಲಿಲ್ಲ, ತಂಡದಲ್ಲೂ ಯಾರಿಗೂ ಇರಲಿಲ್ಲ.

ಅಂದರೆ ಹೊಸಬರ ಮೊದಲ ವರ್ಷವನ್ನು ಪೂರ್ತಿ ಹಿಂದಿನವರ ಖಾತೆಗೆ ಬರೆಯುವ ನನ್ನ ಸಿದ್ಧಾಂತಕ್ಕೆ ಅಲ್ಲೇ ತೂತು ಬಿತ್ತು. ನಾಲ್ಕು ಕೋಣೆಯ ಹಳೇ ಮನೆಗೆ ಒಂದು ಕಿಟಕಿ ಇಡಿಸಿದವನದ್ದೂ ಏನೋ ಒಂದು ಪಾಲಿರಬೇಕು.

ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? "ಆ ಐದು ಜನ ಬಿಟ್ಟು ಬೆಂಚಿನ ಮೇಲಿದ್ದ ಹುಡುಗರು ಏನಾದರು ರಾಯರೇ?" ಅಂದೆ.

"ಅವರಾ? ಕೂತಿದ್ರು. ಆಮೇಲೆ ಒಬ್ಬಿಬ್ಬರು ಬೇರೆ ಕಾಲೇಜಿಗೆ ಹೋದ್ರು."

ಇದೇ ನಾನು ಮಾಡಿದ ಪಾಪ. ಮೊದಲ ವರ್ಷ ರಿಸಲ್ಟು ಬರಲೇಬೇಕು ಎಂಬ ಭಯದಲ್ಲಿ ಒಳ್ಳೆಯ ಮೇಷ್ಟ್ರುಗಳನ್ನೆಲ್ಲ ಹತ್ತನೇ ಕ್ಲಾಸಿಗೆ ಹಾಕಿದೆ. ಎಂಟನೇ ಕ್ಲಾಸಿನ ಗಣಿತದ ಪೀರಿಯಡ್ಡಿಗೆ ಡ್ರಿಲ್ ಮೇಷ್ಟ್ರು ಹೋಗಿ 'ಓದ್ಕೊಳ್ಳಿ' ಅಂತ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಎರಡು ವರ್ಷ ಕಳೆದು ಆ ಎಂಟನೇ ಕ್ಲಾಸೇ ಹತ್ತಕ್ಕೆ ಬಂತಲ್ಲ, ಆಗ ಗೊತ್ತಾಯಿತು. ಆವತ್ತು ಯಾರೂ ಶಾಲು ತರಲಿಲ್ಲ. ಡೇವಿಸ್ ಕೂಡ ಆ ಐವರನ್ನೇ ತೇಯ್ದರು. ಸೋಲು ಗೆಲುವಿನ ಪಟ್ಟಿಗಿಂತ ಮೊದಲು ಹೊಸ ಕೋಚಿನ ಎಂಟನೇ ಕ್ಲಾಸು ನೋಡಬೇಕು ಅಂತ ನನ್ನ ಮತ.

"ಹಂಗಾದ್ರೆ ನಿಮಗೆ ಡೊಹರ್ಟಿ ಕತೆ ಹೇಳ್ಬೇಕು," ಎಂದು ರಾಯರು ಮುಖ ಅರಳಿಸಿದರು. ಸಂಕಟದಲ್ಲಿದ್ದವರಿಗೆ ಹಳೇ ಸಂಕಟವೇ ಮದ್ದು.

2000ನೇ ಇಸವಿ. ಮ್ಯಾಟ್ ಡೊಹರ್ಟಿ ಇಲ್ಲಿಗೆ ಕೋಚಾಗಿ ಬಂದರು. ಇದೇ ಕಾಲೇಜಿನ 1982ರ ಚಾಂಪಿಯನ್ ತಂಡದಲ್ಲಿ ಮೈಕಲ್ ಜೋರ್ಡಾನ್ ಜೊತೆ ಆಡಿದವರು. ಬರುವಾಗ ತಾವು ಮೊದಲಿದ್ದ ನೋಟ್ರ ಡೇಮ್‌ನಿಂದ ತಮ್ಮದೇ ಸಹಾಯಕರ ದಂಡು ಕಟ್ಟಿಕೊಂಡು ಬಂದರು, ಇಲ್ಲಿದ್ದ ಹಳಬರು ಗಂಟುಮೂಟೆ ಕಟ್ಟಿದರು. ಹಿಂದಿನವರು ಬಿಟ್ಟುಹೋದ ಹುಡುಗರು ಮಾತ್ರ ಹುಲಿಗಳು. 26 ಗೆಲುವು, 7 ಸೋಲು, ನಡುವೆ ದೇಶಕ್ಕೇ ಒಂದನೇ ನಂಬರು. ಮೊದಲ ವರ್ಷವೇ ಅಸೋಸಿಯೇಟೆಡ್ ಪ್ರೆಸ್ಸಿನವರ 'ವರ್ಷದ ಕೋಚು' ಎಂಬ ಬಿರುದು. ಎರಡನೇ ವರ್ಷ? 8 ಗೆಲುವು, 20 ಸೋಲು. 27 ವರ್ಷ ತಪ್ಪದೆ ಪಂದ್ಯಾವಳಿಗೆ ಹೋಗುತ್ತಿದ್ದ ಪರಿಪಾಠ ಮುರಿಯಿತು. ಮೂರನೇ ವರ್ಷ ಮುಗಿಯುವಷ್ಟರಲ್ಲಿ ಡೊಹರ್ಟಿ ರಾಜೀನಾಮೆ.

"ಮಜಾ ಮುಂದಿದೆ," ಅಂದರು ರಾಯರು. ಡೊಹರ್ಟಿ 2002ರಲ್ಲಿ ಫೆಲ್ಟನ್, ಮಕ್ಯಾಂಟ್ಸ್, ಶಾನ್ ಮೇ ಎಂಬ ಮೂವರು ಹುಡುಗರನ್ನು ಕರೆತಂದಿದ್ದರು. ಅವರ ಎಂಟನೇ ಕ್ಲಾಸು ಗಟ್ಟಿಯಿತ್ತು! ಆ ಹುಡುಗರು ರಾಯ್ ವಿಲಿಯಮ್ಸ್ ಪಾಲಿಗೆ ಬಂದರು. ವಿಲಿಯಮ್ಸರ ಮೊದಲ ವರ್ಷ 19-11, ಯಾರೂ ಹಾಡಿ ಹೊಗಳಲಿಲ್ಲ. ಎರಡನೇ ವರ್ಷ, 2005ರಲ್ಲಿ, ಸೇಂಟ್ ಲೂಯಿಯಲ್ಲಿ ಇಲಿನಾಯ್ ಸೋತು ಚಾಂಪಿಯನ್‌ಶಿಪ್ ಬಂತು. ಫೈನಲ್ಲಿನಲ್ಲಿ ಶಾನ್ ಮೇ ಒಬ್ಬನದೇ 26 ಪಾಯಿಂಟು. ಹೊಗಳಿದ್ದು ವಿಲಿಯಮ್ಸರನ್ನ. ಡೊಹರ್ಟಿ ಮೂರನೇ ಸಾಲಿನಲ್ಲೂ ಇರಲಿಲ್ಲ. ಅಂದರೆ ತೆಗಳಿದ ಡೊಹರ್ಟಿಯೂ ಬಿತ್ತಿಟ್ಟು ಹೋಗಿದ್ದ, ಹೊಗಳಿದ ಡೊಹರ್ಟಿ ಬೇರೆಯವರದ್ದನ್ನು ಕೊಯ್ದಿದ್ದ. ಮನುಷ್ಯ ಒಬ್ಬನೇ.

ಆಗಲೇ ರಾಯರ ಮಗಳು ಹಿಂಬಾಗಿಲಿಗೆ ಬಂದಳು. ಗಾಢನೀಲಿ ಅಂಗಿ. "ಅಂಕಲ್, ನಮ್ಮವರು ಕಾನ್ಫರೆನ್ಸ್ ಪಂದ್ಯಾವಳಿ ಗೆದ್ದರು, ಗೊತ್ತಾಯ್ತಾ?" ಡ್ಯೂಕ್‌ಗೂ ಅದು ಹೊಸ ಕೋಚು ಜಾನ್ ಶಾಯರ್‌ರ ಮೊದಲ ವರ್ಷವೇ. ಶನಿವಾರವಷ್ಟೇ ಗ್ರೀನ್ಸ್‌ಬರೋದಲ್ಲಿ ವರ್ಜೀನಿಯಾವನ್ನು 59-49ರಲ್ಲಿ ಮಣಿಸಿದ್ದರು. ಆ ಸೀಸನ್ನಿನಲ್ಲಿ ರಾಯರ ತಂಡವನ್ನೂ ಎರಡು ಸಲ ಸೋಲಿಸಿದ್ದರು. ಭೀಷ್ಮರ ಕಾಲದ ಐವರಲ್ಲಿ ಉಳಿದವನು ಜೆರೆಮಿ ರೋಚ್ ಒಬ್ಬ. ಮಿಕ್ಕವರು ಹೆಚ್ಚಾಗಿ ಆಗಷ್ಟೇ ಹೈಸ್ಕೂಲು ಮುಗಿಸಿ ಬಂದ ಹುಡುಗರು. ಉತ್ತರಾಧಿಕಾರಿ ಎಂದು ಒಂದು ವರ್ಷ ಮೊದಲೇ ಸಾರಿದ್ದರಿಂದ ಶಾಯರ್ ಆಗಲೇ ಊರೂರು ಅಲೆದು ಅವರನ್ನು ಒಪ್ಪಿಸಿ ಇಟ್ಟಿದ್ದರು. ಚಾರ್ಜು ತಗೊಳ್ಳುವ ಮೊದಲೇ ಎಂಟನೇ ಕ್ಲಾಸಿಗೆ ಅಡ್ಮಿಷನ್ ಮಾಡಿಸಿದ ಹೆಡ್ಮಾಸ್ಟರು! ಆಗಿನ ನಿಯಮದಲ್ಲಿ ಹುಡುಗರು ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕಾಯಬೇಕಾಗಿರಲಿಲ್ಲ, ಹೋದ ಕೂಡಲೇ ಆಡಬಹುದಿತ್ತು. ಪಿತ್ರಾರ್ಜಿತ ಎಂಬ ಮಾತೇ ಇನ್ನೆಷ್ಟು ದಿನವೋ, ಆಸ್ತಿಗೇ ಕಾಲು ಬಂದಿದೆ. ಮಗಳು ಹೋದ ಮೇಲೆ ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಡೇವಿಸರನ್ನ ಕಳಿಸಿಬಿಡಬೇಕು ಅಂತೀರಾ?" ಕೇಳಿದೆ.

"ಡೀನ್ ಸ್ಮಿತ್‌ನ ಕಳಿಸಿದ್ರಾ?"

ಡೀನ್ ಸ್ಮಿತ್ ಇಲ್ಲಿನವರ ಕುಲದೇವರು. ಒಳಾಂಗಣಕ್ಕೇ ಅವರ ಹೆಸರು. 1961ರಲ್ಲಿ ಫ್ರಾಂಕ್ ಮಕ್ಗ್ವಾಯರ್ ಬಿಟ್ಟು ಹೋದಾಗ ಕಾಲೇಜಿನ ಮೇಲೆ ದಂಡ ಬಿದ್ದಿತ್ತು, ಪಂದ್ಯಗಳ ಸಂಖ್ಯೆಗೂ ಕತ್ತರಿ. ಮೂವತ್ತು ವರ್ಷದ ಹುಡುಗ ಸ್ಮಿತ್ ಅದನ್ನು ಹೊತ್ತು ಮೊದಲ ವರ್ಷ 8 ಗೆದ್ದು 9 ಸೋತರು. 1965ರ ಜನವರಿಯಲ್ಲಿ ವೇಕ್ ಫಾರೆಸ್ಟ್‌ನಲ್ಲಿ ಸೋತು ಬಸ್ಸು ವಾಪಸು ಬಂದಾಗ, ವಿದ್ಯಾರ್ಥಿಗಳು ಅವರ ಪ್ರತಿಕೃತಿಯನ್ನು ನೇಣಿಗೆ ತೂಗುಹಾಕಿದ್ದರು. ಬಸ್ಸಿಂದ ಇಳಿದು ಓಡಿಹೋಗಿ ಅದನ್ನು ಕಿತ್ತೆಸೆದವನು ತಂಡದ ಬಿಲ್ಲಿ ಕನಿಂಗ್‌ಹ್ಯಾಂ. ಆ ಸ್ಮಿತ್ 36 ವರ್ಷ ಇದ್ದು 879 ಪಂದ್ಯ ಗೆದ್ದು ಹೋದರು. ಸೋಲು ಗೆಲುವಿಗಿಂತ ಹೆಚ್ಚಾಗಿದ್ದದ್ದು ಆ ಮೊದಲ ವರ್ಷ ಮಾತ್ರ. ಆವತ್ತೇ ಟೀಸಿ ಕೊಟ್ಟಿದ್ದರೆ?

"2015ರಲ್ಲಿ ತೀರಿಕೊಂಡರು ಮೇಷ್ಟ್ರೇ. ಆಮೇಲೆ ಗೊತ್ತಾಯ್ತು, ತಮ್ಮ ಕೈಯಲ್ಲಿ ಆಡಿದ ಹುಡುಗರಿಗೆಲ್ಲ ತಲೆಗೆ 200 ಡಾಲರಿನ ಚೆಕ್ಕು. ಹೊರಗೆ ಹೋಗಿ ಒಂದು ಒಳ್ಳೇ ಊಟ ಮಾಡಿ ಅಂತ. ಸುಮಾರು 180 ಜನ. ಜೋರ್ಡಾನ್‌ಗೂ 200, ಬೆಂಚು ಕಾದವನಿಗೂ 200."

ಸಮಾರಾಧನೆಗೆ ಪಂಕ್ತಿಭೇದವಿಲ್ಲ ಅಂದುಕೊಂಡೆ. ಬೆಂಚಿನವರನ್ನು ಮರೆಯದ ಮನುಷ್ಯ.

ಗಾಳಿ ಬೀಸಿತು. ಶಾಲು ಎಳೆದುಕೊಂಡೆ. ರಾಯರ ಕಣ್ಣು ಅದರ ಜರಿಯಂಚಿನ ಮೇಲೆ ಬಿತ್ತು.

"ದಿನಾ ನೋಡ್ತಿದ್ದೀನಿ, ಕೇಳೋಣ ಅಂತಿದ್ದೆ. ಚೆನ್ನಾಗಿದೆ. ಎಲ್ಲಿದು?"

"ನನ್ನ ಹಿಂದಿನ ಹೆಡ್ಮಾಸ್ಟರದ್ದು," ಅಂದೆ.

"ಪಾಪ, ಒಳ್ಳೆಯವರಪ್ಪ. ಇಷ್ಟು ಒಳ್ಳೇ ಶಾಲು ಕೊಟ್ಟಿದ್ದಾರೆ," ಎನ್ನುತ್ತಾ ರಾಯರು ಟೋಪಿ ಹುಡುಕಲು ಒಳಗೆ ಹೋದರು.