ನಲವತ್ಮೂರನೇ ಪುಟದ ನಿವಾಸಿ

ಕಾದಂಬರಿಯ ವಿಷಯ ಬಂದರೆ ಲೇಖಕರನ್ನೋ ವಿಮರ್ಶಕರನ್ನೋ ಮಾತನಾಡಿಸುವುದು ವಾಡಿಕೆ. ಪುಸ್ತಕದ ಒಳಗೇ ಬಿಡಾರ ಹೂಡಿರುವವರನ್ನು ಯಾರೂ ಕೇಳುವುದಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಮನೆಯಲ್ಲಿ ತಿಂಗಳಿಗೊಮ್ಮೆ ಓದುಗರ ಬಳಗ ಸೇರುತ್ತದೆ. ಆ ಮನೆಯ ಶೋಕೇಸಿನಲ್ಲಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರತಿಯೊಳಗೆ ಪುಟಗುರುತಾಗಿರುವ ಸಿಟಿ ಬಸ್ ಟಿಕೇಟು ನಮಗೆ ಮಾತಿಗೆ ಸಿಕ್ಕಿತು.

ನಮಸ್ಕಾರ. ಮೊದಲು ನಿಮ್ಮ ಪರಿಚಯ ಹೇಳಿ.

ಹೇಳೋಣ ಅಂದ್ರೆ ಮೈಮೇಲೆ ಅಕ್ಷರವೇ ಉಳಿದಿಲ್ಲ ಸ್ವಾಮಿ. ಮಷಿನ್ ಟಿಕೇಟು ನಾನು. ಶಾಖಕ್ಕೆ ಮೂಡಿದ ಅಕ್ಷರ, ದಿನ ಕಳೆದ ಹಾಗೆ ಮಾಸಿಹೋಗುತ್ತೆ. ಎಲ್ಲಿ ಹತ್ತಿದ್ದು, ಎಲ್ಲಿ ಇಳಿದದ್ದು, ಎಷ್ಟು ಕೊಟ್ಟದ್ದು, ಎಲ್ಲಾ ಅಳಿಸಿಹೋಯ್ತು. ಬೆನ್ನ ಮೇಲೆ ಕಂಡಕ್ಟರು ಬಾಲ್‌ಪೆನ್ನಲ್ಲಿ ಬರೆದು ಸುತ್ತು ಹಾಕಿದ 5 ಮಾತ್ರ ಗಟ್ಟಿಯಾಗಿದೆ. ಚಿಲ್ಲರೆ ಬಾಕಿ. ಇಳಿಯುವಾಗ ಯಜಮಾನರು ಇಸಿದುಕೊಳ್ಳಲಿಲ್ಲ. ಕಾದಂಬರಿಯಲ್ಲಿ ಮುಳುಗಿಹೋಗಿದ್ದೆ ಅಂತ ಮನೇಲಿ ಹೇಳಿದರು. ಮುಳುಗಿದ್ದೇನೋ ಹೌದು, ಗೊರಕೆ ಕೇಳಿಸುತ್ತಿತ್ತು.

ಅವತ್ತಿನಿಂದ ಇದೇ ಪುಟದಲ್ಲಿದ್ದೀರಾ?

ಇದೇ ನಲವತ್ಮೂರರಲ್ಲಿ. ಒಟ್ಟು ಏಳುನೂರು ಚಿಲ್ಲರೆ ಪುಟ. ಚಿನ್ನಮ್ಮ ಮನೆಬಿಟ್ಟು ಕಾಡಿಗೆ ಓಡುವ ರಾತ್ರಿಯೆಲ್ಲ ನನ್ನ ಬಲಗಡೆ ದಪ್ಪಕ್ಕೆ ಕೂತಿದೆ. ಎಡಗಡೆ ನೋಡಿ, ಎಷ್ಟು ತೆಳ್ಳಗಿದೆ.

ಆದರೂ ಯಜಮಾನರು ಇದನ್ನು ತಮ್ಮ ಅಚ್ಚುಮೆಚ್ಚಿನ ಕಾದಂಬರಿ ಅನ್ನುತ್ತಾರಲ್ಲ?

ಅಚ್ಚುಮೆಚ್ಚು ಅನ್ನೋಕೆ ಓದಲೇಬೇಕು ಅಂತ ಯಾವ ಕಾನೂನಿದೆ? ಅವರಿಗೆ ಬೇಕಾದದ್ದೆಲ್ಲ ಮುಂದುಗಡೆಯೇ ಸಿಕ್ಕಿದೆ. ಕತೆ ಶುರುವಾಗುವ ಮುಂಚೆ, ಇಲ್ಲಿ ಯಾರೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ ಅನ್ನುವ ಧಾಟಿಯಲ್ಲಿ ಕವಿಗಳು ಓದುಗರಿಗೆ ನಾಲ್ಕು ಮಾತು ಹೇಳಿದ್ದಾರಲ್ಲ, ಅದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಎದುರಿಗಿದ್ದವರಿಗೂ ಅಷ್ಟೇ ಬರೋದು. ಹಾಗಾಗಿ ಇಬ್ಬರೂ ಒಟ್ಟಿಗೆ ಹೇಳಿ, ಒಟ್ಟಿಗೆ ನಿಟ್ಟುಸಿರು ಬಿಟ್ಟು, ಕೋಡುಬಳೆಗೆ ಕೈ ಹಾಕುತ್ತಾರೆ.

ಬಳಗದ ಉಳಿದವರು?

ಒಬ್ಬರು ನಾಟಕ ನೋಡಿದವರು. ರಂಗಾಯಣದವರು 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಮೈಸೂರಿನಲ್ಲಿ ಇಡೀ ರಾತ್ರಿ ಆಡಿಸಿದರಲ್ಲ, ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತಲ್ಲ, ಅದು. ಇವರು ಊಟದ ಬಿಡುವಿಗೆ ಎದ್ದು ಮನೆಗೆ ಬಂದಿದ್ದರು. ಆದರೂ ಬೆಳಗಿನ ಜಾವದ ದೃಶ್ಯದ ಬೆಳಕಿನ ವಿನ್ಯಾಸವನ್ನು ಹೊಗಳುತ್ತಾರೆ. ಇನ್ನೊಬ್ಬರು ಸಿನಿಮಾನೇ ನೋಡಿದ್ದೀನಿ ಅಂದರು. ಗಿರೀಶ ಕಾರ್ನಾಡರು 1999ರಲ್ಲಿ ತೆಗೆದದ್ದು ‘ಕಾನೂರು ಹೆಗ್ಗಡಿತಿ’ ಅಂತ ಅಲ್ಲಿ ಯಾರೂ ತಿದ್ದಲಿಲ್ಲ. ಜ್ಞಾನಪೀಠ ಬಂದದ್ದು ಇದಕ್ಕೇ ಅಂತ ಮತ್ತೊಬ್ಬರು. ಅದು ‘ಶ್ರೀ ರಾಮಾಯಣ ದರ್ಶನಂ’ಗೆ ಅಂತ ಕೂಗೋಣ ಅಂದರೆ ನನ್ನ ಮೇಲೆ ಏಳುನೂರು ಪುಟದ ಭಾರ.

ಚರ್ಚೆ ಬಿಸಿ ಏರುವುದುಂಟಾ?

ಭೈರಪ್ಪ, ಅನಂತಮೂರ್ತಿ ಎರಡು ಹೆಸರು ಬಂದರೆ ಸಾಕು. ಸೋಫಾದವರು ಒಂದು ಬಣ, ಪ್ಲಾಸ್ಟಿಕ್ ಕುರ್ಚಿಯವರು ಇನ್ನೊಂದು. ಒಬ್ಬರನ್ನು ಇಷ್ಟಪಟ್ಟವರು ಮತ್ತೊಬ್ಬರನ್ನು ಮುಟ್ಟಬಾರದು ಅನ್ನೋದು ಮಡಿ. ಭೈರಪ್ಪನವರ ‘ವಂಶವೃಕ್ಷ’, ಅನಂತಮೂರ್ತಿಯವರ ‘ಸಂಸ್ಕಾರ’ ಎರಡೂ ಬಂದದ್ದು 1965ರಲ್ಲಿ. ‘ಸಂಸ್ಕಾರ’ ಸಿನಿಮಾದಲ್ಲಿ ಪ್ರಾಣೇಶಾಚಾರ್ಯ ಆದ ಕಾರ್ನಾಡರೇ ಬಿ.ವಿ. ಕಾರಂತರ ಜೊತೆ ಸೇರಿ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು. ಅವರಿಗೆ ಇಲ್ಲದ ಮೈಲಿಗೆ ಇವರಿಗೆ! ಹೋದ ಸಲ ಮಾತು ಎಷ್ಟು ಏರಿತು ಅಂದರೆ ಒಬ್ಬರು ಕಾಫಿ ಬಿಟ್ಟು ಎದ್ದು ಹೋದರು. ಚಪ್ಪಲಿ ಹುಡುಕುವಷ್ಟರಲ್ಲಿ ಉಪ್ಪಿಟ್ಟು ಬಂತು, ವಾಪಸ್ ಕೂತರು.

(ಟಿಕೇಟು ಇಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಿದೆ ಅನ್ನಿಸಿತು. ಆದರೆ ಉಪ್ಪಿಟ್ಟಿನ ವಿಷಯವನ್ನು ಬೇರೆ ಮೂಲಗಳೂ ಖಚಿತಪಡಿಸಿವೆ.)

ತ್ರಿವೇಣಿ, ಎಂ.ಕೆ. ಇಂದಿರಾ ಇವರನ್ನೆಲ್ಲ ಮಾತಾಡುತ್ತಾರಾ?

‘ಜನಪ್ರಿಯ’ ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ಬೈಗುಳದ ಹಾಗೆ ಹೇಳುತ್ತಾರೆ ಆ ಮಾತನ್ನ. ಮೂವತ್ತೈದು ದಾಟುವುದರೊಳಗೆ ತೀರಿಕೊಂಡ ತ್ರಿವೇಣಿ ಅಷ್ಟರಲ್ಲೇ ‘ಬೆಕ್ಕಿನ ಕಣ್ಣು’, ‘ಶರಪಂಜರ’ ಅಂತ ಮನಸ್ಸಿನ ಕಾಯಿಲೆಯನ್ನು ಅಡುಗೆಮನೆಯವರೆಗೆ ತಂದು ಮಾತಾಡಿಸಿದರು. ಬಳಗದವರಿಗೆ ‘ಶರಪಂಜರ’ ಅಂದರೆ ಸಿನಿಮಾ, ಅದರ ಕಲ್ಪನಾ, ಪುಟ್ಟಣ್ಣ, ಹಾಡುಗಳು. ಅತ್ತೆಯವರ ಟ್ರಂಕಿನಲ್ಲಿ ಮಾತ್ರ ಬೇರೆ ಲೋಕವೇ ಇದೆ.

ಅತ್ತೆ?

ಯಜಮಾನರ ಅತ್ತೆ. ಕೊಪ್ಪದ ಕಡೆಯವರು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಗಳ ಪುಟ ಕತ್ತರಿಸಿ, ದಬ್ಬಣದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದಿಟ್ಟಿದ್ದಾರೆ. ಬೆನ್ನಿಗೆ ಹಳೇ ಕ್ಯಾಲೆಂಡರಿನ ರಟ್ಟು. ಒಂದು ಕಂತು ಸಿಗದೇ ಹೋದ ಕಡೆ ಖಾಲಿ ಹಾಳೆ ಸೇರಿಸಿ, ಆ ವಾರ ಏನಾಗಿರಬಹುದು ಅಂತ ಪೆನ್ಸಿಲಿನಲ್ಲಿ ತಾವೇ ಬರೆದಿದ್ದಾರೆ. ಮಳೆಗಾಲದಲ್ಲಿ ಮಗಳ ಮನೆಗೆ ಬಂದಾಗ ಈ ಪುಸ್ತಕ ಕೈಗೆತ್ತಿಕೊಂಡರು. ಮಧ್ಯಾಹ್ನದ ಪಾತ್ರೆ ಮುಗಿದ ಮೇಲೆ, ಕಿಟಕಿ ಪಕ್ಕ, ಭೂತಗನ್ನಡಿ ಹಿಡಿದು. ಕೊನೇ ಪುಟದವರೆಗೆ ಓದಿದವರು ಈ ಮನೆಯಲ್ಲಿ ಅವರೊಬ್ಬರೇ.

ಹಾಗಿದ್ದರೆ ನೀವು ನಲವತ್ಮೂರು ಬಿಟ್ಟು ಮುಂದೆ ಹೋಗಿರಬೇಕಲ್ಲ?

ಇಲ್ಲ. ಅಳಿಯಂದಿರ ಗುರುತು ತಪ್ಪಬಾರದು ಅಂತ ನನ್ನನ್ನು ಅಲ್ಲಾಡಿಸಲೇ ಇಲ್ಲ ಆಯಮ್ಮ. ತಮಗೆ ಅಂತ ಒಂದು ಒಣ ವೀಳ್ಯದೆಲೆ ಇಟ್ಟುಕೊಂಡಿದ್ದರು.

ಅವರ ಅಭಿಪ್ರಾಯ ಬಳಗದವರು ಕೇಳಿದರಾ?

ಯಾರೂ ಕೇಳಲಿಲ್ಲ. ಅವರೇ ಕಾಫಿ ಲೋಟ ಕೊಡುತ್ತಾ, “ಎಲ್ಲಾ ಸರಿ, ಆ ಹುಲಿಯನ ಗತಿ ಹಂಗೆ ಮಾಡಬಾರದಿತ್ತು” ಅಂದರು. ರೂಮು ಗಪ್‌ಚಿಪ್. ನಾಟಕ ನೋಡಿದವರು ಲೋಟದೊಳಗೆ ನೋಡತೊಡಗಿದರು. ಸಿನಿಮಾದವರು ಸ್ವಲ್ಪ ಹೊತ್ತು ಯೋಚಿಸಿ, “ಹೌದಮ್ಮ, ಮಲೆನಾಡಲ್ಲಿ ಈಗ ಹುಲಿಗಳ ಪರಿಸ್ಥಿತಿ ಚೆನ್ನಾಗಿಲ್ಲ” ಅಂದರು.

ಅಯ್ಯೋ! ಹುಲಿಯ ಅಂದರೆ ಗುತ್ತಿಯ ನಾಯಿಯಲ್ಲವೇ?

ಅದೇ ಮತ್ತೆ. ಯಜಮಾನರಿಗೆ ಅಷ್ಟು ಗೊತ್ತು. ನಲವತ್ಮೂರು ಪುಟದೊಳಗೇ ಗುತ್ತಿಯೂ ಹುಲಿಯನೂ ಬಂದುಬಿಡ್ತಾರಲ್ಲ. ಪಾಪ, ಬಾಯಿ ತಡೆಯಲಿಲ್ಲ. “ಯಾಕೆ, ಅದಕ್ಕೇನಾಯ್ತು?” ಅಂತ ಕೇಳಿಬಿಟ್ಟರು. ತಕ್ಷಣ ಕೆಮ್ಮಿದರು. ಅತ್ತೆ ದೊಡ್ಡವರು ನೋಡಿ. “ನಿಮಗೆ ಗೊತ್ತಿರುವುದೇ ಅಲ್ವ ಅಳಿಯಂದ್ರೆ” ಅಂತ ಒಳಗೆ ಹೋದರು.

ಆಮೇಲಾದರೂ ಓದು ಮುಂದುವರಿಯಿತೇ?

ರಾತ್ರಿ ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆಗೆದರು. ನನಗೆ ಎದೆ ಢವಢವ. ಇವತ್ತು ನನಗೆ ನಲವತ್ನಾಲ್ಕರ ಯೋಗ ಅಂದುಕೊಂಡೆ. ನೇರವಾಗಿ ಕೊನೇ ಪುಟಕ್ಕೆ ಹೋಗಿ, ಹುಲಿಯನ ಹೆಸರು ಹುಡುಕಿ, ಓದಿ, ಮುಚ್ಚಿಟ್ಟರು. ಮಾರನೇ ತಿಂಗಳು ‘ಕುವೆಂಪು ಕಾದಂಬರಿಯಲ್ಲಿ ನಾಯಿ’ ಅಂತ ಇಪ್ಪತ್ತು ನಿಮಿಷ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಸುಳ್ಳು ಯಾಕೆ ಹೇಳಲಿ.

ಬಳಗದ ಮುಂದಿನ ಪುಸ್ತಕ ಯಾವುದು?

‘ಪರ್ವ’ ಅಂತೆ. ಬಹುಮತದಿಂದ ತೀರ್ಮಾನವಾಗಿದೆ. ಎಲ್ಲರೂ ಎರಡನೇ ಸಲ ಓದುತ್ತಾರಂತೆ.

ಹಾಗಾದರೆ ನಿಮಗೆ ವರ್ಗಾವಣೆ ಖಂಡಿತ?

ನಾನೂ ಆಸೆಪಟ್ಟೆ. ಮೇಲಿನ ಅರೆಯಿಂದಲೇ ವಿಚಾರಿಸಿದೆ, ಜಾಗ ಖಾಲಿ ಇಲ್ಲವಂತೆ. ಅದರ ಹನ್ನೊಂದನೇ ಪುಟದಲ್ಲಿ ಒಂದು ಲಗ್ನಪತ್ರಿಕೆ ಕೂತಿದೆ. ಆ ಮದುವೆಯ ಮಗು ಈಗ ಎಸ್ಸೆಸ್ಸೆಲ್ಸಿ.