ಒಳಗೆ ಯಾರು ನೋಡ್ತಾರೆ?

ಅಂಕೋಲೆ ಬಳಿಯ ಮಂಜಗುಣಿಯ ಮದುವೆ ಮನೆಯಲ್ಲಿ ಯಾರ ಕಪ್ಪು ಪ್ಯಾಂಟಿಗೆ ಎಷ್ಟು ವಯಸ್ಸಾಗಿದೆ ಎಂದು ತಿಳಿಯಲು ದಾಖಲೆಪತ್ರ ಬೇಕಿಲ್ಲ. ಅವರು ಬಡಿಸಲು ಬಗ್ಗಿದಾಗ ಹಿಂದೆ ನಿಂತು ನೋಡಿದರೆ ಸಾಕು. ಜೇಬಿನ ಅಂಚು, ಹೊಲಿಗೆಯ ಗೆರೆ, ಮೊಣಕಾಲು, ಕೂರುವ ಜಾಗ ಎಲ್ಲವೂ ಹೊಸ ತಗಡಿನ ಹಾಗೆ ಮಿರಿಮಿರಿ ಮಿಂಚುತ್ತಿರುತ್ತವೆ. ಪ್ಯಾಂಟಿನ ಒಡೆಯರಿಗೆ ಅದರಿಂದ ಬೇಸರವೇನೂ ಇಲ್ಲ. ಹೊಳೆಯುವುದೆಲ್ಲ ಹೊಸದು ಎಂದು ನಂಬಿದವರು ನಾವು.

ಆದರೆ ಆ ಮಿಂಚು ತಿಂದ ಪೆಟ್ಟಿನ ಗುರುತು. ಬಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಬಿದ್ದ ಬೆಳಕನ್ನು ಅವು ದಿಕ್ಕಾಪಾಲಾಗಿ ಚದುರಿಸುವುದರಿಂದಲೇ ಕಪ್ಪು ಮಿಂಚದೆ ಕಾಣುವುದು. ಕಾದ ಇಸ್ತ್ರಿಪೆಟ್ಟಿಗೆಯನ್ನು ಮೈಭಾರ ಹಾಕಿ ಒತ್ತಿದಾಗ ಎಳೆಗಳು ಸಾಲಾಗಿ ಅಡ್ಡ ಮಲಗುತ್ತವೆ. ಸಪಾಟಾದ ಮೈ ಬೆಳಕನ್ನು ಕನ್ನಡಿಯಂತೆ ಒಂದೇ ಕಡೆ ಎಸೆಯುತ್ತದೆ. ಬಟ್ಟೆ ಪಾಲಿಯೆಸ್ಟರ್ ಆಗಿದ್ದರೆ ಎಳೆಗಳು ಮೆತ್ತಗಾಗಿ ಚಪ್ಪಟೆಯಾಗುತ್ತವೆ, ಶಾಖ ಮಿತಿಮೀರಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇದೆಲ್ಲ ಬಿಳಿ ಬಟ್ಟೆಗೂ ಆಗುತ್ತದೆ. ಆದರೆ ಬಿಳಿ ಮೊದಲೇ ಬಹುಪಾಲು ಬೆಳಕನ್ನು ವಾಪಸು ಕಳಿಸುತ್ತಿರುತ್ತದೆ, ಅದರ ನಡುವೆ ಈ ಹೊಳಪು ಎದ್ದು ಕಾಣುವುದಿಲ್ಲ. ಬಿಳಿ ಬಟ್ಟೆಯವರು ಸಿಕ್ಕಿಬೀಳದಿರುವುದಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ ಎಂದಾಯಿತು. 1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಉಪ್ಪು ಮಾಡಿ ಕಾನೂನು ಮುರಿದವರ ಖಾದಿಗೆ ಇಸ್ತ್ರಿ ಇತ್ತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಈಗ ಅದೇ ಸತ್ಯಾಗ್ರಹದ ನೆನಪಿಗೆ ಮಾಲೆ ಹಾಕಲು ಬರುವವರ ಜುಬ್ಬಾದ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದು.

ಪಾಲಿಯೆಸ್ಟರಿನ ಕಥೆಯಂತೂ ಇನ್ನೂ ತಮಾಷೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಈ ನೂಲನ್ನು ಕಂಡುಹಿಡಿದರು. ಒಗೆದು ಹರವಿದರೆ ಸಾಕು, ಇಸ್ತ್ರಿಯ ಗೊಡವೆ ಇಲ್ಲ ಎಂಬುದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಹತ್ತಿಯ ಜೊತೆ ಬೆರೆತು, ಟೆರಿಕಾಟ್ ಎಂದು ಹೆಸರು ಹೇಳಿಕೊಂಡು ಅದು ನಮ್ಮೂರಿಗೆ ಬಂತು. ಇಸ್ತ್ರಿ ಬೇಡದ ಬಟ್ಟೆಗೆ ನಾವು ಹಾಕಿದಷ್ಟು ಇಸ್ತ್ರಿಯನ್ನು ಲೋಕದಲ್ಲಿ ಇನ್ಯಾರೂ ಹಾಕಿರಲಾರರು. ಪೆಟ್ಟಿಗೆಯ ತಿರುಗುಬಿಲ್ಲೆಯ ಮೇಲೆ ನೈಲಾನ್, ಸಿಲ್ಕ್, ವುಲನ್, ಕಾಟನ್ ಎಂದು ಬರೆದಿರುತ್ತದೆ. ಆದರೆ ಅಂಗಡಿಯಿಂದ ತಂದ ದಿನ ಕಾಟನ್‌ಗೆ ತಿರುಗಿಸಿದ್ದು ಮತ್ತೆ ಕದಲುವುದಿಲ್ಲ. ಉಳಿದ ಅಕ್ಷರಗಳು ಮಕ್ಕಳ ಓದಿಗೆ. ಪ್ಯಾಂಟಿನ ಒಳಗೆ ಹೊಲಿದ ಚೀಟಿಯಲ್ಲೂ ಪೆಟ್ಟಿಗೆಯ ಚಿತ್ರ, ಅದರೊಳಗೆ ಚುಕ್ಕೆ. ಒಂದು ಚುಕ್ಕೆ ಎಂದರೆ ಕಡಿಮೆ ಶಾಖ, ಎರಡಕ್ಕೆ ಮಧ್ಯಮ, ಮೂರಕ್ಕೆ ಹೆಚ್ಚು ಎಂದು ಅರ್ಥ. ಸೊಂಟಕ್ಕೆ ಚುಚ್ಚುತ್ತದೆಂದು ಆ ಚೀಟಿಯನ್ನು ಮೊದಲ ದಿನವೇ ಕತ್ತರಿಸಿ ಬಿಸಾಡುತ್ತೇವೆ.

ಕರಾವಳಿಯ ಮಳೆಗಾಲವೂ ಈ ಮಿಂಚಿಗೆ ತನ್ನ ಕೊಡುಗೆ ಕೊಡುತ್ತದೆ. ಜೂನ್ ಹಿಡಿದರೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಒಣಗಿತು ಎಂದುಕೊಂಡದ್ದೂ ಮುಗ್ಗಲು ವಾಸನೆ ಹೊಡೆಯುತ್ತದೆ. ಆಗ ಇಸ್ತ್ರಿಪೆಟ್ಟಿಗೆಯೇ ಸೂರ್ಯ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹಸಿ ಪ್ಯಾಂಟಿನ ಮೇಲೆ ಪೆಟ್ಟಿಗೆ ಚೊಯ್ ಎನ್ನುತ್ತದೆ, ಹಬೆ ಏಳುತ್ತದೆ, ಹುಡುಗ ಎರಡೂ ಕೈ ಊರಿ ತಿಕ್ಕುತ್ತಾನೆ.

“ತಮ್ಮಾ, ತಿರುಗಿಸಿ ಹಾಕೋ. ಹೊರಗಿನ ಬದಿ ಮಿಂಚು ಬರ್ತದೆ.”

“ಒಳಗೆ ಯಾರು ನೋಡ್ತಾರೆ ಆಯಿ?”

ಹುಡುಗನನ್ನು ಬೈಯಬೇಡಿ. ಅವನು ಹೇಳಿದ್ದು ನಮ್ಮ ನಾಡಿನ ಅಲಿಖಿತ ಸಂವಿಧಾನದ ಮೊದಲ ವಿಧಿ. ಹೊಳೆ ದಾಟಲು ಸೇತುವೆಗಾಗಿ ವರ್ಷಗಟ್ಟಲೆ ಕಾದ ಮಂಜಗುಣಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಕಡೆಯೂ ಮೊದಲು ನುಣುಪಾಗುವುದು ಶಂಕುಸ್ಥಾಪನೆಯ ಕಲ್ಲು. ಸಾಹೇಬರು ಬರುವ ದಿನ ಕಚೇರಿಯ ಮುಂಗೋಡೆಗೆ ಬಣ್ಣ ಬೀಳುತ್ತದೆ, ಹಿಂಗೋಡೆಯ ಪಾಚಿ ಹಾಗೇ ಇರುತ್ತದೆ. ರಸ್ತೆಗೆ ಮೇಲೆ ಡಾಂಬರು, ಕೆಳಗೆ ಜಲ್ಲಿಯ ಲೆಕ್ಕ ಮಾತ್ರ.

ವಕೀಲರ ಕಷ್ಟ ಬೇರೆಯೇ. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟರೆ ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಗೆ ಕಪ್ಪು ಕೋಟು ಕಡ್ಡಾಯವಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಆದರೆ ಏಪ್ರಿಲಿನ ಕಾರವಾರದಲ್ಲಿ ಕೋಟಿಲ್ಲದ ವಕೀಲರನ್ನು ಕಂಡರೆ ಕಕ್ಷಿದಾರನಿಗೆ ಕೇಸು ಅರ್ಧ ಸೋತಂತೆ. ಹಾಗಾಗಿ ಕೋಟು ಬೆವರು ಕುಡಿಯುತ್ತದೆ, ರಾತ್ರಿ ಇಸ್ತ್ರಿ ತಿನ್ನುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅದರ ಕಾಲರು ನ್ಯಾಯಾಧೀಶರ ಕಣ್ಣಿಗೆ ಬೆಳಕು ಬಿಡುತ್ತದೆ.

ಪರಿಹಾರ ದುಬಾರಿಯದಲ್ಲ, ಅದಕ್ಕೇ ಯಾರಿಗೂ ಅದರ ಮೇಲೆ ಗೌರವವಿಲ್ಲ. ಬಟ್ಟೆಯನ್ನು ಮಗುಚಿ, ಒಳಬದಿಗೆ ಇಸ್ತ್ರಿ ಹಾಕಬೇಕು. ಹೊರಗಿನಿಂದಲೇ ಹಾಕಬೇಕಾಗಿ ಬಂದರೆ ಹಳೆ ಪಂಚೆಯ ತುಂಡನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ನಡುವೆ ಹಾಸಬೇಕು. ಬಣ್ಣ ಬಿಡುವ ಲುಂಗಿ ಬೇಡ. ಶಾಖ ಕಡಿಮೆ ಇರಲಿ. ಪೆಟ್ಟಿಗೆಯನ್ನು ಎಳೆದಾಡದೆ, ಇಟ್ಟು, ಎತ್ತಿ, ಮುಂದಕ್ಕೆ ಇಡಬೇಕು. ದಪ್ಪ ಹೊಲಿಗೆಯ ಮೇಲೆ ಭಾರ ಬಿಡಬಾರದು, ಅಲ್ಲೇ ಮೊದಲು ಹೊಳಪು ಹುಟ್ಟುವುದು.

ಈಗಾಗಲೇ ಹೊಳೆಯುತ್ತಿದ್ದರೆ ಗೋಬಿ ಮಂಚೂರಿ ಗಾಡಿಯಲ್ಲಿ ಕಾಣುವ ಬಿಳಿ ವಿನೆಗರ್ ಸಾಕು. ಒಂದು ಪಾಲಿಗೆ ಎರಡು ಮೂರು ಪಾಲು ನೀರು ಬೆರೆಸಿ, ಮೊದಲು ಒಳಗಿನ ಮಡಿಕೆಯಲ್ಲಿ ಹಚ್ಚಿ ಬಣ್ಣ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊಳಪಿನ ಮೇಲೆ ಮೆಲ್ಲಗೆ ಒರೆಸಿ, ಹಬೆ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಮಲಗಿದ ಎಳೆಗಳನ್ನು ಎಬ್ಬಿಸಿ. ಉಣ್ಣೆ ಬೇಗ ಏಳುತ್ತದೆ, ಹತ್ತಿ ಸ್ವಲ್ಪ ಹಟ ಮಾಡುತ್ತದೆ. ಮುರುಗಲ ಹುಳಿ, ಹುಣಸೆ ನೀರು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ, ಕಲೆ ನಿಮ್ಮ ಪ್ಯಾಂಟಿನ ಮೇಲೆ ಉಳಿಯುತ್ತದೆಯೇ ಹೊರತು ಅವರದರ ಮೇಲಲ್ಲ. ಕರಗಿ ಅಂಟಿಕೊಂಡ ಪಾಲಿಯೆಸ್ಟರಿಗೆ ಮಾತ್ರ ಮದ್ದಿಲ್ಲ. ಅದನ್ನು ಗದ್ದೆ ಕೆಲಸಕ್ಕೆ ಇಟ್ಟುಕೊಳ್ಳಿ.

ಓದುಗರಲ್ಲಿ ಒಂದೇ ವಿನಂತಿ. ಮುಂದಿನ ಸಲ ಪ್ಲಗ್ ಹಾಕುವ ಮೊದಲು ಪ್ಯಾಂಟನ್ನು ಮಗುಚಿ. ಯಾರೂ ನೋಡದ ಬದಿಯಲ್ಲಿ ಕೆಲಸ ಮಾಡುವಾಗ ಮೊದಮೊದಲು ಮುಜುಗರವಾಗಬಹುದು, ನಮಗೆ ಅಭ್ಯಾಸವಿಲ್ಲವಲ್ಲ.